ಕಠಿಣ ಮಾತಿನ ಪಾಠ

"ಪುಟ್ಟೀ, ನಿನ್ನ ಚಿಕ್ಕಪ್ಪನಿಗೆ ಹೇಳು, ಅಂಗಡಿಯ ಹಿಂದಿನ ಕಿಟಕಿ ಮುಚ್ಚದೆ ಬಂದಿದ್ದಾನೆ, ಬೆಕ್ಕು ಹತ್ತಿಯೊಳಗೆ ಮರಿ ಹಾಕಿದೆ ಅಂತ."

"ಪುಟ್ಟೀ, ನಿಮ್ಮಪ್ಪನಿಗೆ ಹೇಳು, ಆ ಕಿಟಕಿಯ ಚಿಲಕ ಮುರಿದು ವರ್ಷವಾಯ್ತು. ಬೆಕ್ಕಿಗೂ ಗೊತ್ತಾಗಿದೆ, ಅವನಿಗೊಬ್ಬನಿಗೇ ಗೊತ್ತಾಗಿಲ್ಲ ಅಂತ."

ಇಬ್ಬರೂ ಕೂತಿದ್ದದ್ದು ಒಂದೇ ಚಾಪೆಯ ಮೇಲೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ಎದುರಿಗೆ ತಟ್ಟೆ ಹಿಡಿದು ಕೂತ ಹುಡುಗಿ ಚಿಕ್ಕವಳಿದ್ದಾಗ ಪಾಪ, ನಿಜಕ್ಕೂ ಒಮ್ಮೆ ಅತ್ತ ತಿರುಗಿ, ಒಮ್ಮೆ ಇತ್ತ ತಿರುಗಿ, ಹೇಳಿದ್ದನ್ನೇ ಹೇಳುತ್ತಿದ್ದಳು. ಈಗ ಒಂಬತ್ತನೇ ಕ್ಲಾಸು. "ಇಬ್ಬರಿಗೂ ಕೇಳಿಸ್ತಲ್ಲ, ಆಯ್ತು" ಅಂದು ತುತ್ತು ಬಾಯಿಗಿಡುತ್ತಾಳೆ, ಅಷ್ಟೆ.

ಆ ಮನೆಯ ರೀತಿಯೇ ಹಾಗೆ. ಅಣ್ಣತಮ್ಮಂದಿರ ನಡುವೆ ಸಿಹಿ ಮಾತಾದರೆ ನೇರ, ಕಹಿ ಮಾತಾದರೆ ಮಗುವಿನ ಮೂಲಕ. ಯಾವತ್ತು ಶುರುವಾಯಿತೋ ಯಾರಿಗೂ ನೆನಪಿಲ್ಲ. ಪುಟ್ಟಿ ಹುಟ್ಟುವ ಮೊದಲು ಈ ಟಪಾಲಿನ ಕೆಲಸ ಅತ್ತಿಗೆಯ ಪಾಲಿಗಿತ್ತು. ಮಗುವಿಗೆ ಮಾತು ಬಂದದ್ದೇ ತಡ, ಬದುಕಿದೆಯಾ ಬಡಜೀವವೇ ಅಂತ ಅವಳು ಕೈತೊಳೆದುಕೊಂಡಳು.

ಅತ್ತಿಗೆ ಅಂದರೆ ಆ ಮನೆಯ ಸೊಸೆ, ಪುಟ್ಟಿಯ ತಾಯಿ. ಅವಳು ಮದುವೆಯಾಗಿ ಬಂದಾಗ ಮೈದುನ ಇನ್ನೂ ಸ್ಕೂಲಿನ ಚೀಲ ಹೊತ್ತು ಓಡಾಡುವ ಹುಡುಗ. ಹಸಿವಾದರೆ ಅತ್ತಿಗೆ, ಗುಂಡಿ ಕಿತ್ತರೆ ಅತ್ತಿಗೆ, ಏಟು ತಿಂದರೆ ಅತ್ತಿಗೆ. ಅವನ ಬಾಯಿಂದ ಆ ಮಾತು ಓಣಿಯವರ ಬಾಯಿಗೆ ಬಂತು, ತರಕಾರಿ ಗಾಡಿಯವಳ ಬಾಯಿಗೂ ಬಂತು. ಹಾಗೆಯೇ ಅವಳ ಗಂಡ ಎಲ್ಲರಿಗೂ ಅಣ್ಣ. ಒಟ್ಟಿನಲ್ಲಿ ಆ ಗಂಡ ಹೆಂಡತಿಗೆ ಹೆಸರಿಟ್ಟವನು ಮೈದುನನೇ ಅನ್ನಬೇಕು. ಅವನಿಗೆ ಮಾತ್ರ ಓಣಿ ಇಟ್ಟ ಹೆಸರು ದಬ್ಬಣ. ಹಾಸಿಗೆ ಹೊಲಿಯುವ ಗೇಣುದ್ದದ ಆ ದಪ್ಪ ಸೂಜಿ ಅವನ ಅಂಗಿಯ ಕಾಲರಿನಲ್ಲಿ ಸದಾ ಚುಚ್ಚಿಕೊಂಡೇ ಇರುತ್ತಿತ್ತು. ಮಲಗುವಾಗಲಾದರೂ ತೆಗಿಯೋ, ಕತ್ತಿಗೆ ಹೊಕ್ಕೀತು ಅಂತ ಅವನ ತಾಯಿ, ಪುಟ್ಟಿಯ ಅಜ್ಜಿ, ಬೈಯುತ್ತಿದ್ದಳು.

ಮುಂದೆ ಹಾಸಿಗೆ ಅಂಗಡಿ, ಹಿಂದೆ ಮನೆ. ಹಳೆಯ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಯಂತ್ರಕ್ಕೆ ಹಾಕಿ ಹಿಂಜಿ, ಹೊಸ ಬಟ್ಟೆಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ ಅಂಚು ಕಟ್ಟುವುದು ಅವರ ಕೆಲಸ. ಹಿಂಜುವುದು, ಗಿರಾಕಿ ನೋಡುವುದು ಅಣ್ಣನದು, ಹೊಲಿಗೆ ತಮ್ಮನದು. ಅನ್ನದಲ್ಲಿ ಹತ್ತಿ ಎಳೆ ಸಿಕ್ಕದ ದಿನ ಆ ಮನೆಯಲ್ಲಿ ಇರಲಿಲ್ಲ.

ತಮ್ಮನ ಕೈ ಚೆನ್ನಾಗಿತ್ತು, ಆದರೆ ಅವನ ಹಟ ಇದೆಯಲ್ಲ, ಅದನ್ನು ಹೊತ್ತುಕೊಳ್ಳುವುದು ಯಾರಿಂದಲೂ ಆಗದು. ಅಂಚು ಕೂದಲೆಳೆಯಷ್ಟು ಸೊಟ್ಟಗಾದರೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವವನು. ಗಿರಾಕಿ ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈಯುತ್ತಿದ್ದರೂ ಇವನು ದಾರಕ್ಕೆ ಮೇಣ ಉಜ್ಜುತ್ತಾ, "ಸ್ವಾಮಿ, ನೀವು ಮಲಗೋದು ಇವತ್ತು ರಾತ್ರಿ ತಾನೆ? ಈಗಿನ್ನೂ ಮಧ್ಯಾಹ್ನ" ಅನ್ನುತ್ತಿದ್ದ. ಆ ವರ್ಷ ಹಾಸ್ಟೆಲಿನವರು ಕೊಟ್ಟ ದೊಡ್ಡ ಆರ್ಡರು ಹೀಗೇ ಕೈತಪ್ಪಿತು. ಹುಡುಗರು ಬಂದಿಳಿದರು, ಹಾಸಿಗೆ ಅರ್ಧವೂ ಆಗಿರಲಿಲ್ಲ. ಹಾಸ್ಟೆಲಿನವನು ಎದುರು ರಸ್ತೆಯಿಂದ ಫೋಮ್ ಹಾಸಿಗೆ ತರಿಸಿಕೊಂಡ. ಅವತ್ತು ಅಣ್ಣ ಊಟಕ್ಕೆ ಕೂತವನು ಪುಟ್ಟಿಯ ಮೂಲಕವೂ ಏನೂ ಹೇಳಲಿಲ್ಲ. ಅದು ಅತ್ತಿಗೆಗೆ ಚೆನ್ನಾಗಿ ಕಾಣಿಸಲಿಲ್ಲ.

ಅದೇ ಹೊತ್ತಿಗೆ ಪುಟ್ಟಿಯ ಹೈಸ್ಕೂಲಿನಲ್ಲಿ ಹೊಸ ಕ್ಲಾಸು ಶುರುವಾಯಿತು. ವ್ಯವಹಾರ ಮತ್ತು ನಾಯಕತ್ವ ಅಂತ ಹೆಸರು. ಕಲಿಸಲು ಹೊರಗಿನಿಂದ ಒಬ್ಬ ಮೇಷ್ಟ್ರು ಬರುತ್ತಿದ್ದರು. ಎಳೇ ವಯಸ್ಸು, ಸುಡುಬಿಸಿಲಲ್ಲೂ ಟೈ. ಮಕ್ಕಳು ಅವರನ್ನು ಟೈ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಕ್ಲಾಸಿನ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಪುಟ್ಟ ಪುಟ್ಟ ಕಂಪನಿ ಮಾಡಬೇಕು, ಏನಾದರೂ ತಯಾರಿಸಿ ಮಾರಬೇಕು, ಒಬ್ಬರು ಮ್ಯಾನೇಜರ್ ಆಗಬೇಕು. ಪುಟ್ಟಿಯ ಗುಂಪು ದಿಂಬು ಮಾಡುವುದೆಂದು ತೀರ್ಮಾನಿಸಿತು. ಹತ್ತಿ ಯಾರ ಮನೆಯಲ್ಲಿದೆಯೋ ಅವರೇ ಮ್ಯಾನೇಜರು!

"ಅಜ್ಜೀ, ನಾನು ಮ್ಯಾನೇಜರ್ ಆದೆ."

"ಹೌದೇನೇ? ಹಾಗಾದ್ರೆ ಮೊದಲು ಬಾವಿಕಟ್ಟೆ ಹತ್ತಿರ ಬಿದ್ದಿರೋ ನಿನ್ನ ಬಟ್ಟೆ ಮ್ಯಾನೇಜ್ ಮಾಡು."

ದಿಂಬು ಹೊಲಿದುಕೊಟ್ಟವನು ಚಿಕ್ಕಪ್ಪನೇ. ಹಾಸಿಗೆಯಲ್ಲಿ ಮಿಕ್ಕ ಬಟ್ಟೆಯ ಚೂರು ಜೋಡಿಸಿ, ಮಕ್ಕಳ ಕೈಗೆ ಹಿಡಿಯುವಂಥ ಚಿಕ್ಕ ದಿಂಬುಗಳು. ಸಂಜೆ ಅವನು ಹೊಲಿಯುತ್ತಿದ್ದರೆ ಪುಟ್ಟಿ ಪಕ್ಕದಲ್ಲಿ ಕೂತು ಹತ್ತಿ ತುರುಕುತ್ತಾ ಕ್ಲಾಸಿನ ಪಾಠ ಒಪ್ಪಿಸುತ್ತಿದ್ದಳು. "ಲೀಡರ್ ಆದವನು ಮೊದಲು ಕೇಳಿಸಿಕೊಳ್ಳಬೇಕಂತೆ ಚಿಕ್ಕಪ್ಪ." "ಕೇಳಿಸಿಕೊಳ್ತಾ ಇದೀನಲ್ಲೇ, ನಿಲ್ಲಿಸಿದ್ರೆ ತಾನೆ." ಒಳಗೆ ಬೇಳೆ ಬೇಯಿಸುತ್ತಿದ್ದ ಅತ್ತಿಗೆಗೆ ಇವರ ನಗು ಕೇಳಿ ಮನಸ್ಸು ಹಗುರವಾಗುತ್ತಿತ್ತು. ಅಂಗಡಿಯ ಮುಂಭಾಗದಲ್ಲಿ ಫೋಮ್ ಕಂಪನಿಯ ಏಜೆಂಟನೊಬ್ಬ ಆಗಾಗ ಬಂದು ಅಣ್ಣನ ಜೊತೆ ಪಿಸಪಿಸ ಮಾತಾಡಿ ಹೋಗುತ್ತಿದ್ದದ್ದನ್ನೂ ಅವಳು ನೋಡಿದ್ದಳು. ಕೇಳಿದರೆ ಅಣ್ಣ "ಸುಮ್ಮನೆ ಬಂದಿದ್ದ" ಅನ್ನುತ್ತಿದ್ದ.

ಆಮೇಲೆ ಬಂತು ಆ ಪಾಠ.

"ಈ ವಾರ ಕಠಿಣ ಮಾತು ಅಂತ ಪಾಠ" ಅಂದಳು ಪುಟ್ಟಿ, ಊಟಕ್ಕೆ ಕೂತಾಗ. "ಕೆಲಸದಿಂದ ತೆಗೆಯೋ ಮಾತು. ಬೈಯದೆ, ಬೇಜಾರು ಮಾಡದೆ ಹೇಳಬೇಕು. ಕ್ಲಾಸು ಮುಗಿಯೋ ದಿನ ಸ್ಟೇಜಿನ ಮೇಲೆ ಮಾಡಿ ತೋರಿಸಬೇಕಂತೆ, ಚೆನ್ನಾಗಿ ಮಾಡಿದವರಿಗೆ ಬಹುಮಾನದ ಕಪ್ಪು. ನಿಜವಾದ ಉದಾಹರಣೆ ತಗೊಳ್ಳಿ ಅಂದಿದ್ದಾರೆ ಮೇಷ್ಟ್ರು, ಅದಕ್ಕೆ ನಾನು ನಮ್ಮ ಅಂಗಡೀನೇ ತಗೊಂಡೆ. ಅಪ್ಪಾ, ತೆಗೆಯೋಕೆ ಒಂದು ಕಾರಣ ಹೇಳು."

ಅಣ್ಣ ಆಲೂಗಡ್ಡೆ ಪಲ್ಯ ಕಲಸುತ್ತಿದ್ದವನು ತಲೆಯೆತ್ತಲಿಲ್ಲ.

"ಕೆಲಸ ಕಮ್ಮಿಯಾಗಿದೆ ಅಂತ ಹೇಳು. ಜನಕ್ಕೆ ಫೋಮ್ ಬೇಕು. ಕೈಹೊಲಿಗೆಗೆ ಕಾಯೋ ಪುರುಸೊತ್ತು ಯಾರಿಗೂ ಇಲ್ಲ. ಯಾರದೂ ತಪ್ಪಲ್ಲ, ಕಾಲ ಹಾಗಿದೆ ಅಂತ ಹೇಳು."

ಬಹಳ ದಿನ ಬಾಯೊಳಗೇ ಇಟ್ಟುಕೊಂಡು ನುಣುಪಾದ ಮಾತಿನ ಹಾಗಿತ್ತು ಅದು. ಅತ್ತಿಗೆ ಸೌಟು ಹಿಡಿದವಳು ಗಂಡನ ಮುಖ ನೋಡಿದಳು. ಪುಟ್ಟಿಗೆ ಮಾತ್ರ ಖುಷಿಯೋ ಖುಷಿ. ಮಣೆ ಎಳೆದು ಚಿಕ್ಕಪ್ಪನನ್ನು ಎದುರಿಗೆ ಕೂರಿಸಿದಳು. ನೀನು ಕೆಲಸಗಾರ, ನಾನು ಮ್ಯಾನೇಜರು, ನಗಬಾರದು ಅಂತ ಕಟ್ಟಪ್ಪಣೆ ಮಾಡಿದಳು. ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಮಾಡಿಕೊಂಡಳು.

"ದಯವಿಟ್ಟು ಕೂತುಕೊಳ್ಳಿ. ಇಷ್ಟು ವರ್ಷ ನೀವು ನಮ್ಮ ಸಂಸ್ಥೆಗಾಗಿ ದುಡಿದಿದ್ದೀರಿ. ಅದಕ್ಕೆ ನಾವು ಕೃತಜ್ಞರು."

"ಅಯ್ಯೋ, ನೀವು ಅಂತೆ! ಕೇಳಿದ್ರಾ ಅತ್ತಿಗೆ? ಈ ಮನೇಲಿ ನನಗೆ ಮರ್ಯಾದೆ ಸಿಗ್ತಾ ಇದೆ."

"ಚಿಕ್ಕಪ್ಪಾ!"

"ಇಲ್ಲ ಇಲ್ಲ, ಹೇಳಿ ಮೇಡಂ."

"ಈಗ ಜನರಿಗೆ ಕೈಹೊಲಿಗೆಯ ಹಾಸಿಗೆ ಬೇಕಾಗಿಲ್ಲ. ಯಾರದೂ ತಪ್ಪಲ್ಲ, ಕಾಲ ಹಾಗಿದೆ. ನಿಮ್ಮನ್ನು ಇನ್ನು ಮುಂದೆ ಇಟ್ಟುಕೊಳ್ಳಲು ನಮ್ಮಿಂದ ಆಗುವುದಿಲ್ಲ. ಬೇರೆ ಕೆಲಸ ಹುಡುಕಿಕೊಳ್ಳಲು ನಾವು ನೆರವಾಗುತ್ತೇವೆ. ನಿಮಗೇನಾದರೂ ಹೇಳುವುದಿದೆಯೇ?"

ಅಷ್ಟು ಹೇಳಿ ಸುಮ್ಮನಾದಳು. ಇಲ್ಲಿ ಲೀಡರ್ ಸುಮ್ಮನಿರಬೇಕು, ಎದುರಿನವರು ಮಾತಾಡುವವರೆಗೂ ತುಟಿ ಬಿಚ್ಚಬಾರದು ಅನ್ನುವುದೇ ಪಾಠದ ಮುಖ್ಯ ಭಾಗ.

ಮೈದುನನ ಮುಖದಲ್ಲಿ ನಗು ಇನ್ನೂ ಇತ್ತು. ಕಣ್ಣು ಮಾತ್ರ ಮಗುವನ್ನು ಬಿಟ್ಟು ಅಣ್ಣನ ಕಡೆ ಹೋಯಿತು. ಅಣ್ಣ ತಟ್ಟೆಯಲ್ಲಿ ಏನೋ ಕಳೆದುಹೋದವನ ಹಾಗೆ ಹುಡುಕುತ್ತಿದ್ದ.

"ಊಟ ಆದ್ಮೇಲೆ ಹೋಗ್ಲಾ, ಈಗ್ಲೇ ಹೋಗ್ಲಾ?" ಅಂದ ಮೈದುನ.

ಮೊದಲು ನಕ್ಕವಳು ಅಜ್ಜಿ, ಅವಳ ಹಿಂದೆ ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಗೆಯೂ ನಕ್ಕಳು, ಸುಳ್ಳೇಕೆ ಹೇಳಬೇಕು. ಅಣ್ಣ ನಗಲಿಲ್ಲ. "ಅನ್ನ ಹಾಕು" ಅಂದ. ಮೈದುನ ತನ್ನ ತಟ್ಟೆಗೆ ವಾಪಸು ಬಂದು ಇದ್ದದ್ದನ್ನು ತಿಂದು ಮುಗಿಸಿದ. ಇನ್ನೊಂದು ಸೌಟು ಅನ್ನ ಹಾಕಲು ಹೋದರೆ ಕೈ ಅಡ್ಡ ಹಿಡಿದ.

ಮರುದಿನ ಅತ್ತಿಗೆ ಬಟ್ಟೆ ಒಗೆದು ಬರುವ ಹೊತ್ತಿಗೆ ಅವನು ಮನೆಯಲ್ಲಿ ಇರಲಿಲ್ಲ. ಅಡುಗೆಮನೆಯ ಕಿಟಕಿಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ದಬ್ಬಣ ಇತ್ತು. ದಾರ ಬಿಚ್ಚಿ ಒರೆಸಿ ಇಟ್ಟಿದ್ದ.

"ಎಲ್ಲಿ ಹೋದ ಇವನು?"

"ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ" ಅಂದ ಅಣ್ಣ, ಯಂತ್ರಕ್ಕೆ ಎಣ್ಣೆ ಬಿಡುತ್ತಾ. "ದೊಡ್ಡ ಹಾಸಿಗೆ ವ್ಯಾಪಾರಿ. ಅರ್ಜೆಂಟಾಗಿ ಬಾ ಅಂದರಂತೆ."

"ನನಗೆ ಹೇಳದೇನೇ?"

"ನೀನು ಬಾವಿ ಹತ್ತಿರ ಇದ್ದೆ."

ಬಾವಿ ಏನು ಸಮುದ್ರದಾಚೆ ಇತ್ತೇ? ಕೂಗಿದರೆ ಕೇಳುವಷ್ಟು ದೂರ. ಆದರೆ ಗಂಡ ಸುಳ್ಳು ಹೇಳುತ್ತಾನೆ ಅಂತ ಅಂದುಕೊಳ್ಳುವ ರೂಢಿ ಅವಳಿಗಿರಲಿಲ್ಲ.

ಅಲ್ಲಿಂದ ಮುಂದೆ ಮನೆ ಬೇಗಬೇಗ ಬದಲಾಯಿತು. ಹತ್ತಿಯ ಮೂಟೆಗಳನ್ನು ಯಾರೋ ಗಾಡಿಯಲ್ಲಿ ತುಂಬಿಕೊಂಡು ಹೋದರು. ಪ್ಲಾಸ್ಟಿಕ್ ಸುತ್ತಿದ ಫೋಮ್ ಹಾಸಿಗೆಗಳು ಬಂದು ಗೋಡೆಗೊರಗಿ ನಿಂತವು. ಅಂಗಡಿಗೆ ರಬ್ಬರು ಸುಟ್ಟಂಥ ವಾಸನೆ ಬಂತು, ಅನ್ನದಲ್ಲಿ ಎಳೆ ಸಿಕ್ಕುವುದು ನಿಂತಿತು. ಹಿಂಜುವ ಯಂತ್ರಕ್ಕೆ ಹಳೆ ಚಾದರ ಹೊದಿಸಿದರು, ಅದರ ಮೇಲೆ ಬೆಕ್ಕು ಮರಿಗಳ ಸಮೇತ ಸಂಸಾರ ಹೂಡಿತು.

"ಹೋಗೋನು ತಾಯಿಗೆ ಒಂದು ಮಾತು ಹೇಳಿ ಹೋಗಬೇಡ್ವಾ?" ಅಂತ ಅಜ್ಜಿ ಪ್ರತಿ ಊಟಕ್ಕೂ ಕೇಳುತ್ತಿದ್ದಳು. "ಅಲ್ಲಿ ಯಾರು ಇವನಿಗೆ ಬಿಸಿ ಅನ್ನ ಹಾಕ್ತಾರೆ? ಆರಿದ್ದು ತಿಂದ್ರೆ ಅವನಿಗೆ ಹೊಟ್ಟೆನೋವು ಬರುತ್ತೆ."

"ಬರ್ತಾನೆ ಅಮ್ಮ" ಅನ್ನುತ್ತಿದ್ದ ಅಣ್ಣ.

ಪುಟ್ಟಿಗೆ ಚಿಕ್ಕಪ್ಪನ ಮೇಲೆ ಸಿಟ್ಟೇ ಬಂದುಬಿಟ್ಟಿತ್ತು. ಕಂಪನಿಯ ದಿಂಬುಗಳು ಅರ್ಧಕ್ಕೆ ನಿಂತಿವೆ, ಮ್ಯಾನೇಜರಿಗೆ ಒಂದು ಮಾತೂ ಹೇಳದೆ ಹೋಗುವುದೆಂದರೇನು! ಆ ದಬ್ಬಣ ತೆಗೆದುಕೊಂಡು ತಾನೇ ಹೊಲಿಯಲು ಕೂತು ಬೆರಳಿಗೆ ಚುಚ್ಚಿಕೊಂಡಳು. ದಿಂಬಿನ ಮೇಲೆ ರಕ್ತದ ಕಲೆಯಾಯಿತು. "ಬರಲಿ ಅವನು, ಕಠಿಣ ಮಾತು ಅಂದ್ರೆ ಏನು ಅಂತ ತೋರಿಸ್ತೀನಿ" ಅಂತ ಬೆರಳು ಚೀಪಿಕೊಂಡಳು. ಅತ್ತಿಗೆ ಅದನ್ನು ತಣ್ಣೀರಲ್ಲಿ ಉಜ್ಜಿದಳು. ಕಲೆ ಹೋಗಲಿಲ್ಲ.

ನಿಜ ಗೊತ್ತಾದದ್ದು ತರಕಾರಿ ಗಾಡಿಯವಳಿಂದ.

"ಅತ್ತಿಗೆ, ನಿಮ್ಮ ಮೈದುನ ಧಾನ್ಯದ ಮಂಡಿಯಲ್ಲಿ ಮೂಟೆ ಹೊರ್ತಾ ಇದ್ದಾನಲ್ಲ? ಸೊರಗಿಹೋಗಿದ್ದಾನೆ. ಮನೇಲಿ ಏನಾದ್ರೂ ಆಯ್ತಾ?"

"ನೀನು ಬೇರೆ ಯಾರನ್ನೋ ನೋಡಿರಬೇಕು."

"ನನ್ನನ್ನ ಅಕ್ಕಾ ಅಂತ ಕರೆದು ಬದನೆಕಾಯಿ ಹುಳುಕು ಅಂತ ತಮಾಷೆ ಮಾಡಿದ. ಬೇರೆ ಯಾರು ಮಾಡ್ತಾರೆ ಹೇಳಿ?"

ಅತ್ತಿಗೆ ಬುತ್ತಿ ಕಟ್ಟಿಕೊಂಡು, ಯಾರಿಗೂ ಹೇಳದೆ, ಮಧ್ಯಾಹ್ನವೇ ಹೊರಟಳು. ಧಾನ್ಯದ ಮಂಡಿಯ ಹಿಂದೆ ತಗಡಿನ ಗೋದಾಮು. ಒಳಗೆ ಧೂಳಿನ ಮಬ್ಬು ಕವಿದಿತ್ತು. ಗೋಣಿಚೀಲವನ್ನು ತಲೆಗೆ ಮಡಚಿ ಹಾಕಿಕೊಂಡು ಇಳಿಜಾರು ಹಲಗೆಯ ಮೇಲಿಂದ ಬರುತ್ತಿದ್ದವನು ಅವನೇ. ಅವಳನ್ನು ಕಂಡು ಮೂಟೆಯನ್ನು ಜಾಗಕ್ಕೆ ಇಳಿಸಿಯೇ ಬಂದ. ಕಾಲರು ಬರಿದಾಗಿತ್ತು.

"ಬೇರೆ ಊರು ಅಂದರಲ್ಲೋ?"

"ಓಣಿ ದಾಟಿದ್ರೆ ಬೇರೆ ಊರೇ ಅತ್ತಿಗೆ."

"ಹಲ್ಲು ಕಿಸೀಬೇಡ. ಆ ಮಗು ಸ್ಕೂಲಿನ ಪಾಠ ಒಪ್ಪಿಸಿದ್ರೆ ಅದನ್ನೇ ನಿಜ ಅಂದ್ಕೊಂಡು ಮನೆ ಬಿಟ್ಟು ಬರ್ತಾರೇನೋ? ಬುದ್ಧಿ ಇಲ್ವಾ ನಿನಗೆ?"

ಅವನು ಬುತ್ತಿ ಬಿಚ್ಚಿ ಒಂದು ತುತ್ತು ತಿಂದ. ಅವಸರವಿಲ್ಲದೆ ಅಗಿದ.

"ಅವಳು ಪಾಠ ಒಪ್ಪಿಸಿದ್ಲು ಅಂತ ನನಗೂ ಗೊತ್ತು. ಆದ್ರೆ ಅತ್ತಿಗೆ, ನಮ್ಮನೇಲಿ ಅಣ್ಣನ ಯಾವ ಕಹಿ ಮಾತು ಅವಳ ಬಾಯಿಂದ ಬಂದಿಲ್ಲ ಹೇಳಿ? ಕಾರಣ ಹೇಳಿಕೊಟ್ಟವನು ಯಾರು? ಅನುಮಾನ ಬಂತು. ಅದಕ್ಕೇ ಬೆಳಿಗ್ಗೆ ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ. ಹುಟ್ಟಿದಾಗಿನಿಂದ ಮೊದಲನೇ ಸಲ ಕಹಿ ಮಾತು ನೇರವಾಗಿ ಕೇಳಿದ್ದು. ಅಣ್ಣಾ, ಪುಟ್ಟಿ ಹೇಳಿದ್ದು ನಿನ್ನ ಮಾತಾ ಅಂತ."

"ಏನಂದ್ರು?"

"ಏನೂ ಅನ್ನಲಿಲ್ಲ. ನಾನು ಕಾದೆ. ಅವನು ಹತ್ತಿ ಬಿಡಿಸ್ತಾನೇ ಇದ್ದ." ಇನ್ನೊಂದು ತುತ್ತು ಕಲಸಿದ. "ಹಾಸ್ಟೆಲಿನ ಆರ್ಡರು ಕೆಡಿಸಿದ್ದು ನಾನೇ, ಅದು ನಿಜ. ಬೈದಿದ್ರೆ ಬೈಸಿಕೊಳ್ತಿದ್ದೆ. ಎರಡು ಬಾರಿಸಿದ್ರೂ ಸರಿಯಿತ್ತು."

"ಮನೆಗೆ ನಡಿ."

"ಅಣ್ಣ ಕಳಿಸಿದ್ನಾ?"

ಅತ್ತಿಗೆ ಬಾಯಿ ತೆರೆದಳು. ಹೌದು ಅಂದುಬಿಟ್ಟರೆ ಎದ್ದು ಬರುತ್ತಾನೆ ಅಂತ ಗೊತ್ತಿತ್ತು. ಆದರೆ ಸಂಜೆಗೆ ಸುಳ್ಳು ಬಯಲಾಗುತ್ತದೆ ಅಂತಲೂ ಗೊತ್ತಿತ್ತು.

"ನೋಡಿ, ನೀವೂ ಸುಮ್ಮನಾದ್ರಿ" ಅಂದ ಅವನು. ಬೈಗುಳವಾಗಿ ಅಲ್ಲ, ಸುಮ್ಮನೆ ಅಂದ. ಪೂರ್ತಿ ತಿಂದು, ಡಬ್ಬಿ ತೊಳೆದು ಕೊಟ್ಟ. ಪುಟ್ಟಿಯ ಸ್ಟೇಜಿನ ದಿನ ಯಾವತ್ತು ಅಂತ ಕೇಳಿಕೊಂಡ. ಅವಳಿಗೆ ಇದೆಲ್ಲ ಹೇಳಬೇಡಿ, ಮನಸ್ಸಿಗೆ ಹಚ್ಚಿಕೊಳ್ತಾಳೆ ಅಂದ. ಅತ್ತಿಗೆ ಖಾಲಿ ಡಬ್ಬಿ ಎದೆಗವಚಿಕೊಂಡು ದಾರಿಯುದ್ದಕ್ಕೂ ಅಳುತ್ತಾ ಬಂದಳು, ಯಾರು ನೋಡಿದರೂ ನೋಡಲಿ ಅಂತ.

ಗಂಡ ಊಟಕ್ಕೆ ಬಂದಾಗ ಬಡಿಸಲಿಲ್ಲ.

"ನಿಮ್ಮ ತಮ್ಮ ಮಂಡಿಯಲ್ಲಿ ಮೂಟೆ ಹೊರ್ತಾ ಇದ್ದಾನೆ."

ಅಣ್ಣ ಕೈ ತೊಳೆಯುತ್ತಿದ್ದವನು ನೀರು ನಿಲ್ಲಿಸಲಿಲ್ಲ. "ಯಾರು ಹೇಳಿದ್ರು?"

"ಕಣ್ಣಾರೆ ನೋಡಿ ಬಂದೆ. ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ರಿ ನೀವು. ದೊಡ್ಡ ವ್ಯಾಪಾರಿಯಂತೆ, ಅರ್ಜೆಂಟಂತೆ!"

"ನಾನೇನು ಅವನಿಗೆ ಹೋಗು ಅಂದೆನಾ?"

"ಇರು ಅಂದ್ರಾ?"

"ನಿನಗೆ ಅಂಗಡಿ ವಿಷಯ ಗೊತ್ತಿಲ್ಲ. ಅಂಗಡೀಲಿ ಒಬ್ಬರಿದ್ರೆ ಸಾಕು ಅಂದ ಏಜೆಂಟು. ತಮ್ಮ ನೋಡಿದ್ರೆ ಫೋಮಿನ ಕವರಿಗೆ ಜಿಪ್ ಕೂಡ ಹಚ್ಚಲ್ಲ ಅಂತಾನೆ. ಇಬ್ಬರೂ ಮುಳುಗಬೇಕಿತ್ತಾ?"

"ಹಾಗಂತ ಅವನಿಗೆ ಹೇಳಬೇಕಿತ್ತು. ಗಂಡಸಿನ ಹಾಗೆ ಎದುರಿಗೆ ಕೂರಿಸಿಕೊಂಡು ಹೇಳಬೇಕಿತ್ತು."

"ಹೇಗೆ ಹೇಳಲಿ?" ಅಂದ ಅಣ್ಣ. "ನಾನು ಎತ್ತಿ ಆಡಿಸಿದವನು ಅವನು. ಎಷ್ಟು ದಿನದಿಂದ ಹೇಳೋಣ ಅಂತ ಹೋಗ್ತಿದ್ದೆ, ಬಾಯಿಗೆ ಬರ್ತಿರಲಿಲ್ಲ. ಅವನೇ ಬಂದು ಕೇಳಿದ. ನಾನು ಸುಮ್ಮನಿದ್ದೆ. ಅಷ್ಟೇ ನಾನು ಮಾಡಿದ್ದು."

"ಅಷ್ಟೇ! ಮಗುವಿನ ಬಾಯಿಂದ ತಮ್ಮನನ್ನ ಹೊರಗೆ ಹಾಕಿಸಿ ಅಷ್ಟೇ ಅಂತೀರಲ್ಲ. ಆ ಟೈ ಮೇಷ್ಟ್ರು ಸುಮ್ಮನಿರೋದನ್ನ ಮಕ್ಕಳಿಗೆ ಕಲಿಸೋಕೆ ಅಷ್ಟು ಒದ್ದಾಡ್ತಾರೆ. ನೀವು ಯಾವ ಸ್ಕೂಲಿಗೂ ಹೋಗದೇ ಕಲಿತಿದ್ದೀರಿ."

"ಏನದು ಗಲಾಟೆ?" ಅಂತ ಅಜ್ಜಿ ಒಳಗಿನಿಂದ ಕೂಗಿದಳು. "ಹೋಗಿ ಕರ್ಕೊಂಡು ಬನ್ನಿ" ಅಂದಳು ಅತ್ತಿಗೆ. ಅಣ್ಣ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಅವಳು ಅವನೊಡನೆ ಮಾತು ಬಿಟ್ಟಳು.

ಟಪಾಲು ಮತ್ತೆ ಶುರುವಾಯಿತು, ದಾರಿ ಮಾತ್ರ ಬೇರೆ. "ಪುಟ್ಟೀ, ನಿಮ್ಮಮ್ಮನಿಗೆ ಹೇಳು, ಅಂಗಿ ಒಗೆದಿಲ್ಲ ಅಂತ." "ಪುಟ್ಟೀ, ನಿಮ್ಮಪ್ಪನಿಗೆ ಹೇಳು, ಸೋಪು ತಂದಿಲ್ಲ ಅಂತ." ಏನಾಗಿದೆ ನಿಮಗಿಬ್ಬರಿಗೂ ಅಂತ ಹುಡುಗಿ ಕೇಳಿದಳು. ಏನಿಲ್ಲ, ಊಟ ಮಾಡು ಅಂದರು. ಅದೊಂದು ಮಾತನ್ನು ಮಾತ್ರ ಇಬ್ಬರೂ ಒಟ್ಟಿಗೇ ಅಂದರು.

ಸ್ಕೂಲಿನ ದಿನ ಬಂತು. ಸಭಾಂಗಣದ ಬಾಗಿಲಲ್ಲಿ ಮೇಜಿನ ಮೇಲೆ ಮಕ್ಕಳ ಕಂಪನಿಗಳ ಸಾಮಾನು ಜೋಡಿಸಿದ್ದರು. ದಿಂಬುಗಳಲ್ಲಿ ಯಾವುದು ಚಿಕ್ಕಪ್ಪನ ಹೊಲಿಗೆ, ಯಾವುದು ಪುಟ್ಟಿಯದು ಅಂತ ಕುರುಡರಿಗೂ ತಿಳಿಯುವ ಹಾಗಿತ್ತು. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಹೆಂಡತಿಯ ಪಕ್ಕ ಒಂದು ಕುರ್ಚಿ ಖಾಲಿ ಬಿಟ್ಟು ಕೂತ. ಮೈದುನ ಬಂದಿದ್ದ. ಹಿಂದಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ಅತ್ತಿಗೆ ತಿರುಗಿ ನೋಡಿದಳು, ಅಣ್ಣ ತಿರುಗಲಿಲ್ಲ. ಬಂದಿದ್ದಾನೆ ಅಂತ ಅವನಿಗೆ ಗೊತ್ತಾಗಿತ್ತು, ಕಿವಿ ಕೆಂಪಾಗಿದ್ದವು.

ಪುಟ್ಟಿಯ ಸರದಿ ಬಂದಾಗ ಟೈ ಮೇಷ್ಟ್ರು ಮೈಕು ಹಿಡಿದರು. ಇವಳ ಜೊತೆ ಕೆಲಸಗಾರನ ಪಾತ್ರ ಮಾಡಬೇಕಿದ್ದ ಹುಡುಗನಿಗೆ ಜ್ವರವಂತೆ, ಬೇರೆ ಯಾರಾದರೂ ಬರಬೇಕು ಅಂದರು. ಪುಟ್ಟಿ ಸ್ಟೇಜಿನ ಮೇಲಿಂದ ಕಣ್ಣಾಡಿಸಿದವಳು ಹಿಂದಿನ ಬಾಗಿಲು ನೋಡಿ ಅರಳಿಬಿಟ್ಟಳು.

"ಚಿಕ್ಕಪ್ಪಾ! ಸರ್, ಅಲ್ಲಿದ್ದಾರೆ ನಮ್ಮ ಚಿಕ್ಕಪ್ಪ. ಇವರಿಗೆ ಎಲ್ಲಾ ಗೊತ್ತು ಸರ್, ಮನೇಲಿ ಇವರ ಜೊತೆಗೇ ಪ್ರಾಕ್ಟೀಸ್ ಮಾಡಿದ್ದು!"

ಬೇಡ, ಬೇಡ ಅಂತ ಅತ್ತಿಗೆ ಒಳಗೇ ಹೇಳಿಕೊಂಡಳು. ಜನ ಚಪ್ಪಾಳೆ ತಟ್ಟಿ ಎಬ್ಬಿಸಿದರು. ಅವನು ಅಂಗಿಯ ಧೂಳು ಕೊಡವಿಕೊಳ್ಳುತ್ತಾ ಕುರ್ಚಿಗಳ ನಡುವೆ ನಡೆದು, ಅಣ್ಣನ ಪಕ್ಕದಿಂದಲೇ ಹಾದು, ಮೇಲೆ ಹೋಗಿ ಕೂತ.

ಪುಟ್ಟಿ ಚೆನ್ನಾಗಿ ಹೇಳಿದಳು. ಕೃತಜ್ಞತೆ ಹೇಳಿದಳು, ಯಾರದೂ ತಪ್ಪಲ್ಲ ಅಂದಳು, ಒಂದೂ ಮಾತು ತಡವರಿಸಲಿಲ್ಲ. "ಬೇರೆ ಕೆಲಸ ಹುಡುಕಿಕೊಳ್ಳಲು ನಾವು ನೆರವಾಗುತ್ತೇವೆ" ಅಂದಳು.

ಅವನಿಗೆ ತಮಾಷೆ ಮಾಡದೆ ಇರುವುದು ಯಾವತ್ತೂ ಆಗಿರಲಿಲ್ಲ. ಬಾಯಿ ತಪ್ಪಿ ಬಂದುಬಿಟ್ಟಿತು.

"ಸಿಕ್ಕಿದೆ ಕಣಮ್ಮ. ನೀನು ಹೇಳಿದ ಮರುದಿನವೇ ಸಿಕ್ತು. ಮಂಡಿಯಲ್ಲಿ ಮೂಟೆ ಹೊರೋದು."

ಜನ ಗೊಳ್ಳೆಂದು ನಕ್ಕರು. ಪುಟ್ಟಿಯೂ ನಗಲು ಹೋದಳು. ಅವಳ ಕಣ್ಣು ಅವನ ಕಾಲರಿನ ಮೇಲೆ ನಿಂತಿತು, ಅಲ್ಲಿಂದ ಹೆಗಲಿಗೆ ಹೋಯಿತು. ಅಂಗಿಯ ಹೆಗಲು ಗೋಣಿ ಉಜ್ಜಿ ಸವೆದು ಹೋಗಿತ್ತು.

"ನಾನು ಹೇಳಿದ ಮರುದಿನ ಅಂದ್ರೆ?" ಅಂದಳು. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು.

ಅವನ ಮುಖ ಕಪ್ಪಿಟ್ಟಿತು. "ಏ, ಆಟ ಕಣೇ. ಮುಂದೆ ಹೇಳು, ಮುಂದೆ ಹೇಳು. ಏನಾದರೂ ಹೇಳೋದಿದೆಯಾ ಅಂತ ಕೇಳಬೇಕಲ್ಲ ಈಗ."

ಪುಟ್ಟಿ ಕೆಳಗೆ ಕೂತ ಅಪ್ಪನನ್ನು ನೋಡಿದಳು. ಅಪ್ಪ ಚಪ್ಪಲಿ ನೋಡಿಕೊಂಡ. ಅಮ್ಮನನ್ನು ನೋಡಿದಳು. ಅಮ್ಮ ಸೆರಗು ಬಾಯಿಗೆ ಹಿಡಿದಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ, ದಡ್ಡಿಯೇನಲ್ಲ.

"ನಿಮಗೇನಾದರೂ ಹೇಳುವುದಿದೆಯೇ?" ಅಂದಳು.

"ಏನೂ ಇಲ್ಲ ಮೇಡಂ" ಅಂದ ಅವನು. "ಎಲ್ಲಾ ಸರಿಯಾಗಿ ಹೇಳಿದ್ದೀರಿ."

ಆಮೇಲೆ ಸುಮ್ಮನಿರಬೇಕು ಅಂತ ಪಾಠ. ಅವಳು ಸುಮ್ಮನೆ ನಿಂತಳು. ಕಣ್ಣೀರು ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಟೈ ಮೇಷ್ಟ್ರು ಕುಣಿದುಕೊಂಡು ಬಂದರು. "ನೋಡಿದಿರಾ! ಇದನ್ನೇ ನಾನು ವರ್ಷವಿಡೀ ಹೇಳಿದ್ದು. ಲೀಡರ್ ಆದವರಿಗೆ ಹೃದಯ ಇರಬೇಕು. ಮನಸ್ಸಿಟ್ಟು ಮಾಡಿದರೆ ಹೀಗೆ!" ಸಭಾಂಗಣವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಪಕ್ಕದವರು ನೋಡುತ್ತಿದ್ದಾರೆ ಅಂತ ಅಣ್ಣನೂ ತಟ್ಟಿದ. ಕಪ್ಪು ಪುಟ್ಟಿಗೇ ಸಿಕ್ಕಿತು. ಅದನ್ನು ಕೈಗೆ ಕೊಡುವ ಹೊತ್ತಿಗೆ ಚಿಕ್ಕಪ್ಪ ಹಿಂದಿನ ಬಾಗಿಲಿಂದ ಹೊರಟುಹೋಗಿದ್ದ. ಅವಳು ಕಪ್ಪು ಹಿಡಿದುಕೊಂಡೇ ಗೇಟಿನವರೆಗೆ ಓಡಿದಳು. ರಸ್ತೆಯಲ್ಲಿ ಅವನಿರಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಅತ್ತಿಗೆ ಅವಳಿಗೆ ಎಲ್ಲವನ್ನೂ ಹೇಳಿದಳು. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಅಣ್ಣ ಮುಂದೆ ಮುಂದೆ ನಡೆಯುತ್ತಿದ್ದ.

ಊಟಕ್ಕೆ ಎಲ್ಲರೂ ಕೂತರು. ಕಪ್ಪು ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ಬಿದ್ದಿತ್ತು. "ಏನೋ ಬಹುಮಾನ ಬಂತಂತಲ್ಲೇ ಮ್ಯಾನೇಜರಮ್ಮ, ತೋರಿಸು ನೋಡೋಣ" ಅಂದಳು ಅಜ್ಜಿ. ಪುಟ್ಟಿ ಕದಲಲಿಲ್ಲ. ಅತ್ತಿಗೆ ಎಲ್ಲರ ತಟ್ಟೆಗೂ ಬಡಿಸಿ ಗಂಡನ ತಟ್ಟೆ ಬಿಟ್ಟು ಪಾತ್ರೆಯ ಪಕ್ಕ ನಿಂತಳು. ಅಣ್ಣ ಖಾಲಿ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದ, ಕೆಮ್ಮಿದ.

"ಪುಟ್ಟೀ, ನಿಮ್ಮಮ್ಮನಿಗೆ ಹೇಳು, ಅನ್ನ ಹಾಕು ಅಂತ."

ಪುಟ್ಟಿ ತಲೆಯೆತ್ತಿ ಅವನನ್ನು ನೋಡಿದಳು.

"ನೀನೇ ಹೇಳು. ನಾನಿನ್ನು ಈ ಮನೇಲಿ ಯಾರಿಗೂ ಏನೂ ಹೇಳಲ್ಲ."

ಅಣ್ಣನ ಕೈ ತಟ್ಟೆಯ ಮೇಲೆಯೇ ನಿಂತಿತು. ಹೆಂಡತಿಯ ಕಡೆ ತಿರುಗಿದ. ಬಾಯಿ ತೆರೆದ. ಅತ್ತಿಗೆ ಸೌಟು ತುಂಬಿ ಹಿಡಿದುಕೊಂಡು ಕಾದಳು. ಹೇಳಲಿ, ಅನ್ನ ಹಾಕು ಅಂತಲಾದರೂ ಹೇಳಲಿ, ಅದನ್ನು ಹೇಳಿದರೆ ಇನ್ನೊಂದನ್ನೂ ಹೇಳುತ್ತಾನೆ, ನಾಳೆ ಮಂಡಿಗೆ ಹೋಗಿ ಬಾರೋ ಅಂತಲೂ ಹೇಳುತ್ತಾನೆ ಅಂತ ಕಾದಳು.

"ಯಾರಾದ್ರೂ ಮಾತಾಡ್ರೋ" ಅಂದಳು ಅಜ್ಜಿ.

ಸೌಟಿನ ಹಬೆ ನಿಂತಿತು. ಅಣ್ಣ ಬಾಯಿ ಮುಚ್ಚಿಕೊಂಡು, ಖಾಲಿ ತಟ್ಟೆಯಲ್ಲೇ ಕೈ ತೊಳೆದು, ಎದ್ದು ಅಂಗಡಿಗೆ ಹೋದ.